ಶಿಶುಶಾಲೆಯ ದ್ವಿಭಾಷಾ ಉಪಾಧ್ಯಾಯಿನಿ

ಜಿಲ್ಲೆ, ತಾಲ್ಲೂಕು, ವಕೀಲ, ತಾರೀಖು, ಕಾನೂನು—ಈ ಐದು ಮಾತುಗಳನ್ನು ಬಿಟ್ಟು ಕನ್ನಡನಾಡಿನ ಗೃಹಸ್ಥನು ಒಂದು ತಿಂಗಳ ವ್ಯವಹಾರವನ್ನಾದರೂ ನಡೆಯಿಸಲಾರನು. ಐದೂ ಅರಬ್ಬೀ ನುಡಿಯಿಂದ ಹೊರಟು, ಪಾರಸಿಯ ಕಚೇರಿಗಳನ್ನು ಹಾದು, ಕನ್ನಡದ ಮನೆಗೆ ಬಂದು ಮನೆಯವೇ ಆಗಿಹೋದ ಮಾತುಗಳು. ‘ಜಿಲ್ಲೆ’ಗೆ ಮೂಲವಾದ ಅರಬ್ಬೀ ಪದಕ್ಕೆ ಪಕ್ಕೆಲುಬು, ಪಾರ್ಶ್ವ ಎಂದು ಅರ್ಥ. ಆ ಪದದ ಮೊದಲನೆಯ ಅಕ್ಷರ ‘ದಾದ್’. ಇಂಥ ಅಕ್ಷರವು ಬೇರಾವ ನುಡಿಯಲ್ಲಿಯೂ ಇಲ್ಲವೆಂಬ ಹೆಮ್ಮೆಯಿಂದ ಅರಬರು ತಮ್ಮ ಭಾಷೆಯನ್ನು ‘ದಾದಿನ ನುಡಿ’ ಎಂದೇ ಹೆಸರಿಸಿಕೊಂಡಿದ್ದಾರೆ. ಅಷ್ಟು ಹೆಮ್ಮೆಯ ಅಕ್ಷರವನ್ನು ನಾಲ್ಕು ವರ್ಷದ ಮಗುವಿನ ನಾಲಗೆಯ ಮೇಲೆ ಮೊದಲು ನಿಲ್ಲಿಸುವವಳು ಯಾರು? ಅವಳ ಆಸನವೆಲ್ಲಿದೆ? ಅವಳಿಗೆ ಸಲ್ಲುವ ಮರ್ಯಾದೆಯೆಷ್ಟು? ಈ ಮೂರು ಪ್ರಶ್ನೆಗಳಿಗೆ ಇಂದು ಕೊಲ್ಲಿಯ ಅರಬ ಸಂಸ್ಥಾನಗಳಲ್ಲಿ ದೊರೆಯುವ ಉತ್ತರವು ವಿದ್ಯಾಪಕ್ಷಪಾತಿಗಳಾರಿಗೂ ಸಮಾಧಾನವನ್ನು ಕೊಡತಕ್ಕದ್ದಲ್ಲ.

ಇದು ಪರದೇಶದ ಸುದ್ದಿ, ಇದರಿಂದ ಕನ್ನಡಿಗರಿಗಾಗಬೇಕಾದುದೇನು ಎಂದು ವಾಚಕರು ಕೇಳಬಹುದು. ಎಣ್ಣೆಯ ಸಂಪತ್ತು ಉಕ್ಕಿದ ೧೯೭೦ರ ದಶಕದಿಂದೀಚೆಗೆ ಮಂಗಳೂರು, ಉಡುಪಿ, ಭಟ್ಕಳಗಳ ಸುತ್ತಿನ ಎಷ್ಟೋ ಮನೆಗಳ ಅನ್ನವು ದುಬಾಯಿ, ಅಬುಧಾಬಿ, ಶಾರ್ಜಾಗಳಿಂದ ಬರುತ್ತಲಿದೆ. ಆ ಮನೆಗಳ ಮಕ್ಕಳು ಕೆಲವರು ಅಲ್ಲಿಯೇ ಹುಟ್ಟಿ, ಅಲ್ಲಿಯೇ ಶಿಶುಶಾಲೆಯ ಚಾಪೆಯ ಮೇಲೆ ಕುಳಿತು, ಈ ಉಪಾಧ್ಯಾಯಿನಿಯ ಬಾಯಿಂದಲೇ ಅಲಿಫ್, ಬಾ, ತಾ ಎಂಬುದನ್ನು ಕೇಳುತ್ತಿದ್ದಾರೆ. ಅದಕ್ಕಿಂತ ಹೆಚ್ಚಿನ ಕಾರಣವೂ ಒಂದುಂಟು. ಅಲ್ಲಿ ಅರಬ್ಬಿಗೆ ಆಗುತ್ತಿರುವುದು ಇಲ್ಲಿ ಕನ್ನಡಕ್ಕೆ ಆಗುತ್ತಿದೆ. ನೆರೆಯ ಮನೆಯ ಗೋಡೆ ಬಿರಿದುದನ್ನು ನೋಡಿದವನು ತನ್ನ ಗೋಡೆಯನ್ನೂ ಒಮ್ಮೆ ತಟ್ಟಿ ನೋಡಿಕೊಳ್ಳುವುದು ವಿವೇಕ.

ಮೊದಲು ಆಕೆಯ ಕೆಲಸವೇನೆಂಬುದನ್ನು ತಿಳಿಯಬೇಕು. ತಿಳಿಯದೆ ಆಕೆಯನ್ನು ‘ಮಕ್ಕಳಾಡಿಸುವವಳು’ ಎನ್ನುವವರ ಸಂಖ್ಯೆ ದೊಡ್ಡದಾಗಿರುವುದರಿಂದ ಈ ವಿವರವು ಅವಶ್ಯವಾಗಿದೆ.

ಅರಬ್ಬೀ ನುಡಿಯು ಹೆಸರಿಗೆ ಒಂದು, ಬಳಕೆಯಲ್ಲಿ ಹಲವು. ಗ್ರಂಥಗಳಲ್ಲಿ, ಪತ್ರಿಕೆಗಳಲ್ಲಿ, ಸಭೆಗಳಲ್ಲಿ ಸಲ್ಲುವ ಶಿಷ್ಟಭಾಷೆಯನ್ನು ‘ಫುಸ್ಹಾ’ ಎನ್ನುವರು. ಅದನ್ನು ತೊಟ್ಟಿಲಲ್ಲಿ ಕೇಳಿದ ಮಗುವಿಲ್ಲ. ತಾಯಿಯ ಬಾಯಲ್ಲಿರುವುದು ಆಯಾ ನಾಡಿನ ಆಡುನುಡಿ. ಅಮೆರಿಕದ ಭಾಷಾಶಾಸ್ತ್ರಜ್ಞನಾದ ಚಾರ್ಲ್ಸ್ ಫರ್ಗ್ಯುಸನ್ ೧೯೫೯ರಲ್ಲಿ ಈ ಇಬ್ಬಗೆಯ ನುಡಿಯ ಸ್ಥಿತಿಯನ್ನು ಕುರಿತು ಪ್ರಸಿದ್ಧವಾದ ಲೇಖನವನ್ನು ಬರೆದಾಗ, ಅವನು ಎತ್ತಿಕೊಂಡ ನಾಲ್ಕು ನಿದರ್ಶನಗಳಲ್ಲಿ ಅರಬ್ಬಿಯೂ ಒಂದಾಗಿತ್ತು. ಕೋಳಿಯೆಂಬ ಒಂದು ಮಾತನ್ನೇ ತೆಗೆದುಕೊಳ್ಳಬಹುದು. ಪುಸ್ತಕದಲ್ಲಿ ಅದು ‘ದಜಾಜ್’. ಎಮಿರೇಟಿನ ಅಜ್ಜಿಯ ಬಾಯಲ್ಲಿ ‘ದಿಯಾಯ್’. ದಮಸ್ಕದಿಂದ ಬಂದವರಿಗೆ ‘ಜಾಜ್’. ಕೈರೋ ಪಟ್ಟಣದವರಿಗೆ ‘ಫಿರಾಖ್’ ಎಂಬ ಬೇರೆಯೇ ಮಾತು. ಇನ್ನು ಕಿಟಕಿಯು ಪುಸ್ತಕದಲ್ಲಿ ‘ನಾಫಿದಾ’ ಆದರೆ ಕೊಲ್ಲಿಯ ಮನೆಗಳಲ್ಲಿ ಪಾರಸಿಯಿಂದ ಬಂದ ‘ದರೀಶಾ’. ಎಮಿರೇಟಿನ ಶಾಲೆಗಳಲ್ಲಿ ಅರಬ್ಬಿಯನ್ನು ಕಲಿಸುವವರಲ್ಲಿ ಅನೇಕರು ಮಿಸರ, ಸಿರಿಯಾ, ಜೋರ್ಡಾನ್, ಲೆಬನಾನ್ ಮೊದಲಾದ ನಾಡುಗಳಿಂದ ಬಂದವರು. ಆದುದರಿಂದ ಒಂದೇ ಕೊಠಡಿಯಲ್ಲಿ ಮಗುವಿನ ಅರಬ್ಬಿ ಒಂದು, ಉಪಾಧ್ಯಾಯಿನಿಯ ಮನೆಯ ಅರಬ್ಬಿ ಇನ್ನೊಂದು, ಪುಸ್ತಕದ ಅರಬ್ಬಿ ಮತ್ತೊಂದು. ಇವುಗಳ ಮೇಲೆ ಇಂಗ್ಲೀಷು. ಭಾರತದಿಂದಲೋ ಫಿಲಿಪೀನ್ಸಿನಿಂದಲೋ ಹೋದವರ ಮಕ್ಕಳು ಅಲ್ಲಿದ್ದರೆ ಅವರ ಮನೆಮಾತು ಬೇರೆ.

ಇನ್ನು ಬರವಣಿಗೆಯ ಮಾತು. ಇಂಗ್ಲೀಷು ಎಡದಿಂದ ಬಲಕ್ಕೆ ನಡೆದರೆ ಅರಬ್ಬಿಯು ಬಲದಿಂದ ಎಡಕ್ಕೆ ಬರುತ್ತದೆ. ಆದರೆ ಅರಬ್ಬಿಯ ಸಾಲಿನ ನಡುವೆ ಬಂದ ಅಂಕೆಗಳು ಮಾತ್ರ ಎಡದಿಂದ ಬಲಕ್ಕೇ ನಿಲ್ಲುತ್ತವೆ. ಅಕ್ಷರಗಳು ೨೮, ಪದದ ಆದಿ, ಮಧ್ಯ, ಅಂತ್ಯಗಳಲ್ಲಿ ಮತ್ತು ಒಂಟಿಯಾಗಿ ನಿಂತಾಗ ಅವುಗಳಲ್ಲಿ ಬಹುಪಾಲಿನ ಆಕಾರ ಬದಲಾಗುತ್ತದೆ. ಹ್ರಸ್ವಸ್ವರಗಳ ಗುರುತು ಮಕ್ಕಳ ಪುಸ್ತಕದಲ್ಲಿರುತ್ತದೆ, ದೊಡ್ಡವರ ಪತ್ರಿಕೆಯಲ್ಲಿರುವುದಿಲ್ಲ. ಕಾಗುಣಿತದ ಗುಡಿಸು, ಕೊಂಬುಗಳನ್ನು ಅಳಿಸಿ ಬರೆದ ಕನ್ನಡದ ಪುಟವನ್ನು ಓದಬೇಕಾಗಿ ಬಂದರೆ ಹೇಗಿದ್ದೀತೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ಅಂಥ ಓದಿಗೆ ಮಗುವನ್ನು ಅಣಿಮಾಡುವ ಕೆಲಸವು ಶಿಶುಶಾಲೆಯಲ್ಲಿಯೇ ಮೊದಲಾಗಬೇಕು. ಅರಬ್ಬಿಯಲ್ಲಿ ಪಕಾರವಿಲ್ಲದುದರಿಂದ ‘ಪೆನ್ನು’ ‘ಬೆನ್ನು’ ಆಗುತ್ತದೆ. ಇಂಗ್ಲೀಷಿನ ಮಗುವಿಗೆ ಗಂಟಲಿನಾಳದ ‘ಐನ್’ ಹೊರಡುವುದಿಲ್ಲ. ಎರಡು ದಿಕ್ಕಿನಿಂದ ಬರುವ ಎರಡು ನೇಗಿಲುಗಳು ಒಂದೇ ಎಳೆಯ ಹೊಲದಲ್ಲಿ ಡಿಕ್ಕಿ ಹೊಡೆಯದಂತೆ ಹೂಡುವುದು ಆಕೆಯ ವಿದ್ಯೆ.

‘ದಿಯಾಯ್’ ಎಂದು ಮಗು ಹೇಳಿದೊಡನೆ ‘ತಪ್ಪು, ದಜಾಜ್ ಎನ್ನು’ ಎಂದು ಗದರಿಸುವವಳು ಪಂಡಿತಳಾಗಿರಬಹುದು. ಆದರೆ ಆ ಮಗುವು ಅಂದಿನಿಂದ ತನ್ನ ಅಜ್ಜಿಯ ಮಾತು ತಪ್ಪೆಂದು ತಿಳಿಯುತ್ತದೆ. ‘ಹೌದು, ದಿಯಾಯ್! ಪುಸ್ತಕವು ಅದನ್ನೇ ದಜಾಜ್ ಎಂದು ಕರೆಯುತ್ತದೆ, ಇಂಗ್ಲೀಷಿನಲ್ಲಿ ಹೆನ್ ಎಂದು ಕರೆಯುತ್ತಾರೆ’ ಎಂದು ಒಂದೇ ಕೋಳಿಗೆ ಮೂರು ಹೆಸರನ್ನು ಆಟದಂತೆ ಕೊಡಬಲ್ಲವಳೇ ನಿಜವಾದ ದ್ವಿಭಾಷಾ ಉಪಾಧ್ಯಾಯಿನಿ. ಈ ಒಂದು ವಾಕ್ಯದ ಹಿಂದೆ ಭಾಷಾಶಾಸ್ತ್ರವಿದೆ, ಶಿಶುಮನಃಶಾಸ್ತ್ರವಿದೆ, ಎರಡು ಸಾಹಿತ್ಯಗಳ ಪರಿಚಯವಿದೆ, ಎಲ್ಲಕ್ಕಿಂತ ಹೆಚ್ಚಾಗಿ ಮಗುವಿನ ಮನೆಯ ಮೇಲೆ ಗೌರವವಿದೆ. ಇದನ್ನು ದಿನಕ್ಕೆ ನೂರು ಸಲ, ಮೂಗು ಒರೆಸುತ್ತ, ಪಾದರಕ್ಷೆಯ ಪಟ್ಟಿ ಕಟ್ಟುತ್ತ, ಅಳುವವನನ್ನು ತೊಡೆಯ ಮೇಲಿಟ್ಟುಕೊಂಡು ಮಾಡಬೇಕಾದವಳು ಆಕೆ.

ಹೀಗಿರುವಲ್ಲಿ ಆಕೆಯ ಉದ್ಯೋಗಜೀವನವು ಯಾವ ಬಗೆಯದು? ಅಬುಧಾಬಿಯ ಇತಿಹಾಸದಿಂದಲೇ ಇದನ್ನು ನೋಡಬಹುದು. ಅಲ್ಲಿಯ ಶಿಕ್ಷಣ ಮಂಡಲಿಯು ೨೦೧೦ರಲ್ಲಿ ಸರಕಾರಿ ಶಾಲೆಗಳಿಗಾಗಿ ಒಂದು ನವೀನ ಶಾಲಾಕ್ರಮವನ್ನು ಜಾರಿಗೆ ತಂದಿತು. ಶಿಶುವರ್ಗದಿಂದ ಮೂರನೆಯ ತರಗತಿಯವರೆಗೆ ಮೊದಲು ಆಚರಣೆಗೆ ಬಂದ ಆ ಕ್ರಮದಲ್ಲಿ ಇಂಗ್ಲೀಷು, ಗಣಿತ, ವಿಜ್ಞಾನಗಳನ್ನು ಇಂಗ್ಲೀಷಿನಲ್ಲಿ ಕಲಿಸತಕ್ಕದ್ದೆಂದೂ, ಅದಕ್ಕಾಗಿ ಇಂಗ್ಲೀಷೇ ಮನೆಮಾತಾದ ದೇಶಗಳಿಂದ ಅಧ್ಯಾಪಕರನ್ನು ಕರೆತರತಕ್ಕದ್ದೆಂದೂ ಏರ್ಪಾಡಾಯಿತು. ಶಿಶುವರ್ಗದಲ್ಲಿ ಇಂಗ್ಲೀಷಿನವಳೊಬ್ಬಳು, ಅರಬ್ಬಿಯವಳೊಬ್ಬಳು ಕೂಡಿ ಕಲಿಸುವ ಪದ್ಧತಿ ಬಂದಿತು. ಕಾಗದದ ಮೇಲೆ ಇದು ಸಮಾನತೆ. ಆದರೆ ಮಗುವಿನ ಕಣ್ಣು ಕಾಗದವನ್ನು ಓದುವುದಿಲ್ಲ, ಕೊಠಡಿಯನ್ನು ಓದುತ್ತದೆ. ಎಣಿಕೆ, ಪ್ರಯೋಗ, ಬೀಜ ಬಿತ್ತುವುದು, ನೀರು ಅಳೆಯುವುದು, ಜಗತ್ತಿನ ಕುತೂಹಲವೆಲ್ಲ ಇಂಗ್ಲೀಷಿನ ಪಾಲಿಗೆ. ಮತಬೋಧೆ, ನೀತಿ, ಅಕ್ಷರ ತಿದ್ದುವುದು ಅರಬ್ಬಿಯ ಪಾಲಿಗೆ. ಹೊಸದು ಒಂದು ನುಡಿಯಲ್ಲಿ, ಹಳೆಯದು ಇನ್ನೊಂದು ನುಡಿಯಲ್ಲಿ ಎಂಬ ಪಾಠವನ್ನು ಯಾರೂ ಬಾಯಿಬಿಟ್ಟು ಹೇಳದೆಯೇ ಆ ಮಗುವು ಕಲಿತುಕೊಂಡಿತು. ೨೦೧೭ರಲ್ಲಿ ಇಡೀ ದೇಶಕ್ಕೆ ಒಂದೇ ಶಾಲಾಕ್ರಮವೆಂಬ ನಿರ್ಣಯವಾಗಿ ಆ ವ್ಯವಸ್ಥೆಯು ಮಾರ್ಪಟ್ಟಿತು. ಏರ್ಪಾಡು ಹೋದರೂ ಆ ಪಾಠವು ಮನೆಗಳಲ್ಲಿ ಉಳಿಯಿತು.

ಖಾಸಗಿ ಶಾಲೆಗಳಲ್ಲಿ ಪರಿಸ್ಥಿತಿ ಇನ್ನೂ ಸ್ಪಷ್ಟವಾಗಿದೆ. ಎರಡು ನುಡಿಗಳನ್ನೂ ಬಲ್ಲ ತರುಣಿಯೊಬ್ಬಳು ಕೆಲಸಕ್ಕೆ ಸೇರಿದಳೆಂದು ಎಣಿಸೋಣ. ಆಕೆಯು ಇಂಗ್ಲೀಷಿನಲ್ಲಿ ಪದವಿ ಪಡೆದಿರಬಹುದು. ಆದರೆ ವರ್ಗದ ಮುಖ್ಯ ಉಪಾಧ್ಯಾಯಿನಿಯ ಸ್ಥಾನಕ್ಕೆ ಜಾಹೀರಾತು ಕೇಳುವುದು ‘ಹುಟ್ಟು ಇಂಗ್ಲೀಷಿನವರನ್ನು’. ಆದುದರಿಂದ ಮೊದಲ ವರ್ಷಗಳಲ್ಲಿ ಆಕೆಯು ಸಹಾಯಕಿ. ಮುಂದೆ ಅರಬ್ಬಿಯ ಅಧ್ಯಾಪಕಿ. ಆಗ ಆಕೆಗೆ ಸ್ವಂತದ ಕೊಠಡಿಯಿಲ್ಲ. ಚಿತ್ರಪಟಗಳ ಚೀಲವನ್ನು ಹೆಗಲಿಗೇರಿಸಿ ಕೊಠಡಿಯಿಂದ ಕೊಠಡಿಗೆ ಅತಿಥಿಯಂತೆ ಹೋಗುವಳು. ಗೋಡೆಯ ಮೇಲಿನ ಚಿತ್ರಗಳು ಇನ್ನೊಬ್ಬರವು. ಮಕ್ಕಳ ಹುಟ್ಟುಹಬ್ಬ, ಜಗಳ, ಜ್ವರ ಇವೆಲ್ಲ ಇನ್ನೊಬ್ಬರ ಲೆಕ್ಕದವು. ಗಂಟೆ ಬಾರಿಸಿದೊಡನೆ ಆಕೆ ಎದ್ದು ಹೋಗಬೇಕು. ಒಂದೇ ಶಾಲೆಯಲ್ಲಿ, ಒಂದೇ ವಯಸ್ಸಿನ ಮಕ್ಕಳಿಗೆ ಕಲಿಸುವ ಇಬ್ಬರಲ್ಲಿ ಅರಬ್ಬಿಯವಳ ಸಂಬಳವು ಕಡಮೆಯಾಗಿರುವುದು ಅನೇಕ ಖಾಸಗಿ ಶಾಲೆಗಳಲ್ಲಿ ಗುಟ್ಟಾಗಿ ಉಳಿದ ಸಂಗತಿಯಲ್ಲ. ಆಕೆಯು ಎರಡು ನುಡಿಗಳನ್ನು ಬಲ್ಲಳೆಂಬುದಕ್ಕೆ ವೇತನದ ಪಟ್ಟಿಯಲ್ಲಿ ಕಲಮಿಲ್ಲ. ಒಂದು ನುಡಿಯನ್ನು ಮಾತ್ರ ಬಲ್ಲವಳಿಗೆ ಹೆಚ್ಚಿನದು, ಎರಡನ್ನು ಬಲ್ಲವಳಿಗೆ ಕಡಮೆಯದು! ಇಂಥ ಗಣಿತವನ್ನು ಯಾವ ಶಿಶುವರ್ಗದಲ್ಲಿಯೂ ಕಲಿಸಲಾರರು.

ಹತ್ತು ವರ್ಷ ಕಳೆದು ಆಕೆಯು ತನ್ನ ಕೆಲಸದಲ್ಲಿ ನಿಪುಣಳಾದಳೆನ್ನೋಣ. ಆಗ ಬಡ್ತಿಯೆಂದರೇನು? ಸಂಯೋಜಕಿ, ಮೇಲ್ವಿಚಾರಕಿ ಎಂಬ ಹುದ್ದೆಗಳು. ಅಂದರೆ ಮಕ್ಕಳನ್ನು ಬಿಟ್ಟು ಮೇಜಿನ ಹಿಂದೆ ಕುಳಿತುಕೊಳ್ಳುವುದು. ನೆಲದ ಮೇಲೆ ಮಕ್ಕಳ ಮಟ್ಟಕ್ಕೆ ಕುಳಿತು ಕಲಿಸುವವಳಿಗೆ ನೆಲದ ಮೇಲಿರುವಷ್ಟು ಕಾಲ ಏಳಿಗೆಯಿಲ್ಲ. ಉತ್ತಮ ವೈದ್ಯನಿಗೆ ರೋಗಿಗಳನ್ನು ಬಿಟ್ಟರೆ ಮಾತ್ರ ಮಾನವೆಂದೂ, ಉತ್ತಮ ಗಾಯಕನಿಗೆ ಹಾಡನ್ನು ನಿಲ್ಲಿಸಿದರೆ ಮಾತ್ರ ಸಂಭಾವನೆಯೆಂದೂ ಯಾವ ಸಮಾಜವಾದರೂ ನಿಯಮ ಮಾಡೀತೇ? ಶಿಶುಶಾಲೆಯ ಉಪಾಧ್ಯಾಯಿನಿಗೆ ಮಾತ್ರ ಆ ನಿಯಮವಿದೆ. ಪರನಾಡಿನಿಂದ ಬಂದವಳಾದರೆ ಆಕೆಯ ವಾಸದ ಅನುಮತಿಯೂ ಸಾಮಾನ್ಯವಾಗಿ ಉದ್ಯೋಗಕ್ಕೆ ಕಟ್ಟಿಬಿದ್ದಿರುವುದರಿಂದ, ಅನ್ಯಾಯವನ್ನು ಕಂಡರೂ ಬಾಯಿಬಿಡುವ ಧೈರ್ಯ ಎಲ್ಲರಿಗೂ ಬರತಕ್ಕದ್ದಲ್ಲ. ದುಬಾಯಿಯ ಸರಕಾರವು ೨೦೨೪ರಲ್ಲಿ ಖಾಸಗಿ ಶಾಲೆಗಳ ವಿಶಿಷ್ಟ ಶಿಕ್ಷಕರಿಗೆ ದೀರ್ಘಾವಧಿಯ ‘ಸುವರ್ಣ’ ಅನುಮತಿಯನ್ನು ಘೋಷಿಸಿದುದು ಶ್ಲಾಘ್ಯವಾದ ಕಾರ್ಯ. ಆದರೆ ವಿಶಿಷ್ಟರಾದ ಕೆಲವರಿಗೆ ಹಾರ ಹಾಕುವುದರಿಂದ ಉಳಿದ ಎಲ್ಲರ ಬುತ್ತಿ ತುಂಬುವುದಿಲ್ಲ.

ಈ ಸ್ಥಿತಿಯನ್ನು ಸಮರ್ಥಿಸುವವರು ನಾಲ್ಕು ವಾದಗಳನ್ನು ಹೂಡುತ್ತಾರೆ. ಒಂದೊಂದನ್ನಾಗಿ ಪರಿಶೀಲಿಸುವುದು ಯುಕ್ತ.

‘ಎಳೆಯ ಮಕ್ಕಳಿಗೆ ಕಲಿಸಲು ಪಾಂಡಿತ್ಯವೇಕೆ? ಪ್ರೀತಿಯಿದ್ದರೆ ಸಾಕು’ ಎಂಬುದು ಮೊದಲನೆಯ ವಾದ. ಪ್ರೀತಿಯನ್ನು ಹೊಗಳಿ ಸಂಬಳವನ್ನು ತಗ್ಗಿಸುವ ಉಪಾಯವು ಹಳೆಯದು. ಜರ್ಮನಿಯ ಫ್ರೋಬೆಲನು ೧೮೪೦ರಲ್ಲಿ ತನ್ನ ಶಾಲೆಗೆ ಮಕ್ಕಳ ತೋಟವೆಂದು ಹೆಸರಿಟ್ಟನು. ತೋಟಗಾರನಿಗೆ ಮಣ್ಣಿನ ಶಾಸ್ತ್ರ ಬೇಡವೆಂದು ಅವನು ಹೇಳಲಿಲ್ಲ. ೧೯೦೭ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಮಕ್ಕಳ ಮನೆಯನ್ನು ತೆರೆದ ಮರಿಯಾ ಮಾಂಟೆಸ್ಸೋರಿಯು ವೈದ್ಯವಿದ್ಯೆಯಲ್ಲಿ ಪದವಿ ಪಡೆದವಳು. ೧೯೨೦ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ನಡೆಯಿಸಿದ ಗಿಜುಭಾಯಿ ಬಧೇಕಾ ಅವರು ವಕೀಲಿಯನ್ನು ಬಿಟ್ಟು ಬಂದವರು. ಶಿಶುಶಿಕ್ಷಣವು ದಡ್ಡರಿಗೆ ಬಿಟ್ಟುಕೊಟ್ಟ ಕೆಲಸವೆಂದು ಇವರಾರೂ ತಿಳಿಯಲಿಲ್ಲ. ಮಾಳಿಗೆಯನ್ನು ಕಟ್ಟುವವನಿಗೆ ಶಿಲ್ಪಿಯೆಂದೂ, ಅಡಿಪಾಯ ಹಾಕುವವನಿಗೆ ಕೂಲಿಯೆಂದೂ ಕರೆಯುವ ಊರಿನಲ್ಲಿ ಮಾಳಿಗೆಗಳು ಬಹಳ ಕಾಲ ನಿಲ್ಲುವುದಿಲ್ಲ.

‘ಎರಡು ನುಡಿಗಳನ್ನು ಒಟ್ಟಿಗೆ ತುಂಬಿದರೆ ಮಗುವಿನ ಬುದ್ಧಿ ಕಲಸಿಹೋಗುತ್ತದೆ, ಆದುದರಿಂದ ಒಂದೇ ಸಾಕು, ಅದೂ ಇಂಗ್ಲೀಷೇ ಆಗಲಿ’ ಎಂಬುದು ಎರಡನೆಯದು. ಒಂದು ಕಾಲದಲ್ಲಿ ವಿದ್ವಾಂಸರೂ ಹೀಗೆಯೇ ನಂಬಿದ್ದರು. ಆದರೆ ೧೯೬೨ರಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಎಂಬಿಬ್ಬರು ಕೆನಡಾದ ಮಾಂಟ್ರಿಯಲ್ ನಗರದ ಹತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿ, ಎರಡು ನುಡಿಗಳನ್ನು ಸರಿಯಾಗಿ ಬಲ್ಲ ಮಕ್ಕಳು ಹಿಂದೆ ಬೀಳುವುದಿರಲಿ, ಹಲವು ಪರೀಕ್ಷೆಗಳಲ್ಲಿ ಮುಂದೆಯೇ ಇದ್ದರೆಂದು ತೋರಿಸಿದರು. ‘ಸರಿಯಾಗಿ ಬಲ್ಲ’ ಎಂಬ ಮಾತನ್ನು ಇಲ್ಲಿ ಲಕ್ಷ್ಯದಲ್ಲಿಡಬೇಕು. ಎರಡು ನುಡಿಗಳ ಬಲವು ಎರಡೂ ಬೆಳೆದಾಗ ಬರುವುದೇ ಹೊರತು ಒಂದನ್ನು ಕೊಂದು ಅದರ ಮೇಲೆ ಇನ್ನೊಂದನ್ನು ನೆಟ್ಟಾಗಲ್ಲ. ಮಗುವು ಒಂದು ವಾಕ್ಯದಲ್ಲಿ ಎರಡು ನುಡಿಗಳನ್ನು ಬೆರಸಿದರೆ ಅದು ಕೈಗೆ ಸಿಕ್ಕಿದ ಎರಡು ಉಪಕರಣಗಳಿಂದಲೂ ಕೆಲಸ ಮಾಡುತ್ತಿದೆಯೆಂದು ತಿಳಿಯಬೇಕು. ದಕ್ಷಿಣ ಕನ್ನಡದ ಮನೆಗಳಿಗೆ ಇದನ್ನು ಬೋಧಿಸಬೇಕಾಗಿಲ್ಲ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುತ್ತ, ಶಾಲೆಯಲ್ಲಿ ಕನ್ನಡವನ್ನು ಕಲಿತು, ಕನ್ನಡದ ಉತ್ತಮ ಲೇಖಕರಾದವರು ಆ ಜಿಲ್ಲೆಯಲ್ಲಿ ವಿರಳರಲ್ಲ.

‘ಇಂಗ್ಲೀಷು ಅನ್ನ ಕೊಡುವ ಭಾಷೆ’ ಎಂಬುದು ಮೂರನೆಯದು. ಎಲ್ಲಕ್ಕಿಂತ ಗಟ್ಟಿಯಾದದ್ದೂ ಇದೇ. ಇದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಲ್ಲ. ದೇಶದ ಪ್ರಜೆಗಳಿಗಿಂತ ಪರದೇಶಿಗಳೇ ಬಹುಪಾಲಾಗಿರುವ ಎಮಿರೇಟುಗಳಲ್ಲಿ ಅಂಗಡಿ, ಆಸ್ಪತ್ರೆ, ಬ್ಯಾಂಕುಗಳ ಮಾತು ಇಂಗ್ಲೀಷೇ ಆಗಿದೆ. ಇಂಗ್ಲೀಷು ಬೇಡವೆಂದು ಆ ಉಪಾಧ್ಯಾಯಿನಿಯೂ ಹೇಳುವುದಿಲ್ಲ. ಆಕೆಯು ಅದನ್ನು ಕಲಿಸುವವಳೇ. ವಿವಾದವಿರುವುದು ಇಂಗ್ಲೀಷಿನ ಮೇಲಲ್ಲ, ಎರಡರ ನಡುವೆ ಹಾಕಿದ ಮಣೆಗಳ ಎತ್ತರದ ಮೇಲೆ. ಅನ್ನ ಕೊಡುವ ಭಾಷೆಗೆ ಎತ್ತರದ ಮಣೆ, ಅಮ್ಮನ ಭಾಷೆಗೆ ನೆಲ ಎಂದು ಐದು ವರ್ಷದೊಳಗೆ ಕಲಿತ ಮಗುವು ಇಪ್ಪತ್ತೈದನೆಯ ವರ್ಷದಲ್ಲಿ ಅದನ್ನು ಮರೆಯುವುದಿಲ್ಲ. ಶಾಲೆಯ ಅಂಗಳದಲ್ಲಿ ಅರಬರ ಮಕ್ಕಳೇ ತಮ್ಮತಮ್ಮೊಳಗೆ ಇಂಗ್ಲೀಷಿನಲ್ಲಿ ಆಡುವರೆಂದು ಅರಬ ತಾಯಿತಂದೆಗಳೇ ದೂರುತ್ತಾರೆ. ಮೊಮ್ಮಗನು ಅಜ್ಜಿಯ ಮುಂದೆ ಮಾತಿಲ್ಲದೆ ನಿಲ್ಲುವುದು, ಅಜ್ಜಿಯು ತಲೆ ಸವರಿ ಸುಮ್ಮನಾಗುವುದು—ಇದಕ್ಕಿಂತ ಹೆಚ್ಚಿನ ಬಡತನವನ್ನು ಯಾವ ಸಂಬಳವು ತೀರಿಸೀತು? ಮಗುವಿಗೆ ಮೊದಲ ಶಿಕ್ಷಣವು ತಾಯಿನುಡಿಯಲ್ಲಿ ಆಗುವುದೇ ಉತ್ತಮವೆಂದು ಯುನೆಸ್ಕೋ ಸಂಸ್ಥೆಯು ೧೯೫೩ರಲ್ಲಿಯೇ ಸಾರಿದೆ. ೧೯೭೩ರಿಂದ ಸಂಯುಕ್ತ ರಾಷ್ಟ್ರಸಂಸ್ಥೆಯಲ್ಲಿ ಅಧಿಕೃತವಾಗಿ ಸಲ್ಲುತ್ತಿರುವ ಅರಬ್ಬಿಗೆ ಅಂತರರಾಷ್ಟ್ರೀಯ ಸಭೆಯಲ್ಲಿ ಆಸನವುಂಟು, ಅದರ ಸ್ವಂತ ಮಕ್ಕಳ ಆಟದ ಅಂಗಳದಲ್ಲಿ ಇಲ್ಲವೆಂದರೆ ಅದು ಎಂಥ ವಿಪರ್ಯಾಸ!

‘ಈಗ ಕಾಯಿದೆಗಳೇ ಬಂದಿವೆಯಲ್ಲ, ಇನ್ನೇಕೆ ಗೋಳು?’ ಎಂಬುದು ನಾಲ್ಕನೆಯದು. ಬಂದಿವೆ, ನಿಜ. ಹುಟ್ಟಿನಿಂದ ಆರು ವರ್ಷದವರೆಗಿನ ಮಕ್ಕಳಿಗೆ ಖಾಸಗಿ ಶಾಲೆಗಳಲ್ಲಿಯೂ ಶಿಶುಕೇಂದ್ರಗಳಲ್ಲಿಯೂ ಅರಬ್ಬಿಯು ಹಂತಹಂತವಾಗಿ ಕಡ್ಡಾಯವಾಗತಕ್ಕದ್ದೆಂದು ದುಬಾಯಿಯಲ್ಲಿ ೨೦೨೫ರಲ್ಲಿ ಆಜ್ಞೆಯಾಯಿತು. ಅಬುಧಾಬಿಯು ತನ್ನ ಖಾಸಗಿ ಶಾಲೆಗಳ ಶಿಶುವರ್ಗಗಳಿಗೆ ೨೦೨೫-೨೬ನೆಯ ಸಾಲಿನಿಂದ ವಾರಕ್ಕೆ ೨೪೦ ನಿಮಿಷಗಳ ಅರಬ್ಬಿಯನ್ನು ವಿಧಿಸಿ, ಮರುವರ್ಷದಿಂದ ಅದನ್ನು ೩೦೦ ನಿಮಿಷಕ್ಕೆ ಏರಿಸಲು ನಿಶ್ಚಯಿಸಿತು. ವಾರಕ್ಕೆ ಐದು ದಿನವೆಂದರೆ ದಿನಕ್ಕೆ ಮೊದಲು ೪೮ ನಿಮಿಷ, ಅನಂತರ ಒಂದು ಗಂಟೆ. ಈ ಆಜ್ಞೆಗಳ ಉದ್ದೇಶವು ವಂದನೀಯವಾದುದು. ಆದರೆ ಆಜ್ಞೆಯಿಂದ ನಿಮಿಷಗಳನ್ನು ಸೃಷ್ಟಿಸಬಹುದು, ಉಪಾಧ್ಯಾಯಿನಿಯರನ್ನು ಸೃಷ್ಟಿಸಲಾಗುವುದಿಲ್ಲ. ಗಂಟೆ ತುಂಬಬೇಕಲ್ಲ ಎಂದು ಅರಬ್ಬಿಯನ್ನು ಆಡಬಲ್ಲ ಯಾರನ್ನಾದರೂ ತಂದು ಕೂರಿಸುವ ಶಾಲೆಗಳು ಇರಲಾರವೆಂದು ಯಾರು ಹೇಳಬಲ್ಲರು? ನುಡಿಯನ್ನು ಆಡುವುದು ಬೇರೆ, ಕಲಿಸುವುದು ಬೇರೆ. ಈಜು ಬಲ್ಲವರೆಲ್ಲ ಈಜು ಕಲಿಸಲಾರರು. ಕಲಿಯುವವನು ನಾಲ್ಕು ವರ್ಷದವನಾದರೆ ಅಂಥವರ ಕೈಗೆ ಅವನನ್ನು ಕೊಡುವುದೂ ತರವಲ್ಲ. ಕೀಳು ಸಂಬಳಕ್ಕೆ, ಕೊಠಡಿಯಿಲ್ಲದ ಕೆಲಸಕ್ಕೆ, ಏಳಿಗೆಯಿಲ್ಲದ ದಾರಿಗೆ ಬುದ್ಧಿವಂತೆಯಾದ ತರುಣಿ ಏಕೆ ಬಂದಾಳು? ಬಂದವಳು ಏಕೆ ನಿಂತಾಳು? ಹೀಗೆ ಒಳ್ಳೆಯವರು ಬಾರದೆ ಆ ಗಂಟೆಯು ಬೇಸರದ ಗಂಟೆಯಾಗಿ ಪರಿಣಮಿಸಿದರೆ, ಮಕ್ಕಳು ಅರಬ್ಬಿಯನ್ನು ಕಲಿಯದಿರುವುದಷ್ಟೇ ಅಲ್ಲ, ಅದನ್ನು ದ್ವೇಷಿಸಲು ಕಲಿಯುವರು. ಆಗ ‘ನೋಡಿ, ಕಾಯಿದೆ ಮಾಡಿದರೂ ಆಗಲಿಲ್ಲ’ ಎಂದು ದೋಷವನ್ನು ಭಾಷೆಯ ತಲೆಗೆ ಕಟ್ಟುವವರಿಗೆ ಕೊರತೆಯಿರುವುದಿಲ್ಲ.

ಪಂಡಿತರ ಪಕ್ಷದಲ್ಲಿಯೂ ತಪ್ಪಿಲ್ಲವೆಂದಲ್ಲ. ಶುದ್ಧ ಫುಸ್ಹಾವಲ್ಲದೆ ಬೇರೊಂದು ಮಾತು ಶಾಲೆಯ ಹೊಸಲನ್ನು ದಾಟಬಾರದೆಂದು ಹಟ ಹಿಡಿಯುವವರು, ಮನೆಯ ಆಡುನುಡಿಯನ್ನು ಕಸವೆಂದು ಗುಡಿಸುವವರು, ತಿಳಿಯದೆಯೇ ಇಂಗ್ಲೀಷಿಗೆ ದಾರಿಯನ್ನು ಹಸನುಮಾಡಿ ಕೊಡುತ್ತಿದ್ದಾರೆ. ತನ್ನ ಮನೆಯ ಅರಬ್ಬಿ ತಪ್ಪು, ಪುಸ್ತಕದ ಅರಬ್ಬಿ ಕಷ್ಟ ಎಂದಾದಾಗ ಮಗುವು ಮೂರನೆಯದನ್ನು ಹಿಡಿಯದೆ ಇನ್ನೇನು ಮಾಡೀತು? ಎರಡು ನುಡಿಗಳನ್ನು ಬಲ್ಲ ಉಪಾಧ್ಯಾಯಿನಿಯನ್ನು ‘ಇವಳ ಅರಬ್ಬಿಗೆ ಇಂಗ್ಲೀಷಿನ ಗಾಳಿ ಸೋಕಿದೆ’ ಎಂದು ಮೂಗು ಮುರಿಯುವವರೂ ಇವರೇ. ಅತ್ತ ಶಾಲೆಯ ಮಾಲಿಕನಿಗೆ ಆಕೆಯು ಸಾಕಷ್ಟು ಇಂಗ್ಲೀಷಿನವಳಲ್ಲ. ಇತ್ತ ಪಂಡಿತನಿಗೆ ಸಾಕಷ್ಟು ಅರಬ್ಬಿಯವಳಲ್ಲ. ಸೇತುವೆಯನ್ನು ಎರಡು ದಡದವರೂ ತುಳಿಯುತ್ತಾರೆ; ಅದು ತಮ್ಮದೆಂದು ದುರಸ್ತಿ ಮಾಡುವವರು ಮಾತ್ರ ಯಾವ ದಡದಲ್ಲಿಯೂ ಇಲ್ಲ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಆಕೆಗೆ ಕೊಠಡಿಯನ್ನು ಕೊಡಬೇಕು. ಮಕ್ಕಳ ದಿನವನ್ನು ಆರಂಭದಿಂದ ಅಂತ್ಯದವರೆಗೆ ನಡೆಯಿಸುವ ಹಕ್ಕು ಆಕೆಗೂ ಸಮವಾಗಿ ಇರಬೇಕು. ಬೀಜ ಮೊಳೆಯುವುದನ್ನೂ ನೀರು ಅಳೆಯುವುದನ್ನೂ ಅರಬ್ಬಿಯಲ್ಲಿ ತೋರಿಸುವಂತಾಗಬೇಕು. ಎರಡನೆಯದಾಗಿ, ಸಮನಾದ ಕೆಲಸಕ್ಕೆ ಸಮನಾದ ಸಂಬಳವಲ್ಲದೆ, ಎರಡನೆಯ ನುಡಿಯ ಸಾಮರ್ಥ್ಯಕ್ಕೆ ಪ್ರತ್ಯೇಕ ಗಣನೆ ಬೇಕು. ಮೂರನೆಯದಾಗಿ, ಮಕ್ಕಳನ್ನು ಬಿಡದೆಯೇ ಮೇಲೇರುವ ಮೆಟ್ಟಲುಗಳು ಬೇಕು: ಇಪ್ಪತ್ತು ವರ್ಷ ಶಿಶುವರ್ಗದಲ್ಲಿಯೇ ಪಳಗಿದವಳು ಹೊಸಬರಿಗೆ ಗುರುವಾಗಿ, ಶಾಲೆಯ ಮುಖ್ಯರಿಗೆ ಸಮನಾದ ಮರ್ಯಾದೆಯನ್ನು ಪಡೆಯುವಂತಿರಬೇಕು. ನಾಲ್ಕನೆಯದಾಗಿ, ಆಡುನುಡಿಯಿಂದ ಪುಸ್ತಕದ ನುಡಿಗೆ ಮಗುವನ್ನು ಕೈಹಿಡಿದು ನಡೆಯಿಸುವ ವಿದ್ಯೆಯನ್ನು ಶಿಕ್ಷಣ ವಿದ್ಯಾಲಯಗಳಲ್ಲಿ ಒಂದು ಶಾಸ್ತ್ರವೆಂದು ಕಲಿಸಬೇಕು. ಇವುಗಳಲ್ಲಿ ಯಾವುದೂ ಎಣ್ಣೆಯ ದೇಶಗಳಿಗೆ ಅಸಾಧ್ಯವಾದ ವೆಚ್ಚದ ಕಾರ್ಯವಲ್ಲ. ಕೊರತೆಯಿರುವುದು ಬೊಕ್ಕಸದಲ್ಲಲ್ಲ, ಬೆಲೆ ಕಟ್ಟುವ ಕಣ್ಣಿನಲ್ಲಿ.

ಆ ಕಣ್ಣಿನ ದೋಷವು ಕೊಲ್ಲಿಯವರಿಗೆ ಮಾತ್ರ ಸೇರಿದುದೆಂದು ಕನ್ನಡನಾಡಿನವರು ಸಂತೋಷಪಡಬೇಕಾಗಿಲ್ಲ. ೧೯೭೫ನೆಯ ಅಕ್ಟೋಬರು ೨ರಂದು ಭಾರತದಲ್ಲಿ ಶಿಶುಗಳ ಅಭಿವೃದ್ಧಿ ಯೋಜನೆಯು ಆರಂಭವಾಗಿ ಹಳ್ಳಿಹಳ್ಳಿಗೆ ಅಂಗನವಾಡಿಗಳು ಬಂದುವು. ಅಲ್ಲಿ ಮಗುವಿಗೆ ಮೊದಲ ಪದ್ಯವನ್ನು, ಮೊದಲ ಬಣ್ಣವನ್ನು, ಮೊದಲ ಎಣಿಕೆಯನ್ನು ಕಲಿಸುವ ಕಾರ್ಯಕರ್ತೆಗೆ ಕೊಡುವುದು ಸಂಬಳವಲ್ಲ, ‘ಗೌರವಧನ’. ಗೌರವವನ್ನು ಹೆಸರಿನಲ್ಲಿಟ್ಟು ಧನವನ್ನು ಸಣ್ಣದಾಗಿಟ್ಟ ಮಾತು! ಅವರಿಗೂ ಉಪದಾನವು ಸಲ್ಲತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು ಹೇಳಬೇಕಾದರೆ ೨೦೨೨ನೆಯ ಇಸವಿ ಬರಬೇಕಾಯಿತು. ಕನ್ನಡ ಕಲಿಸುವ ಶಿಶುಶಾಲೆಗೆ ಮಗುವನ್ನು ಕಳುಹಿಸಲು ನಾಚುವ ವಿದ್ಯಾವಂತ ಗೃಹಸ್ಥರು, ತೊಟ್ಟಿಲ ಮಗುವಿನೊಡನೆ ಮುರುಕು ಇಂಗ್ಲೀಷಿನಲ್ಲಿ ಮಾತನಾಡುವ ತಾಯಂದಿರು, ಜಿಲ್ಲೆಯ ಯಾವ ಪಟ್ಟಣದಲ್ಲಿ ಇಲ್ಲ? ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ಮಕ್ಕಳನ್ನು ದಂಡಿಸುವಾಗ ಎಲ್ಲರೂ ನೆನೆಯುತ್ತಾರೆ. ಗಿಡವನ್ನು ಬಗ್ಗಿಸುವವಳ ಕೂಲಿಯನ್ನು ನಿರ್ಧರಿಸುವಾಗ ಒಬ್ಬರೂ ನೆನೆಯುವುದಿಲ್ಲ.

ಕೊಲ್ಲಿಯಲ್ಲಿ ನೆಲಸಿರುವ ಕನ್ನಡಿಗರ ಕರ್ತವ್ಯವು ಇಮ್ಮಡಿಯಾದುದು. ತಮ್ಮ ಮಗುವಿಗೆ ಅರಬ್ಬಿಯನ್ನು ಕಲಿಸುವವಳನ್ನು ‘ಆ ಒಂದು ಗಂಟೆಯವಳು’ ಎಂದು ಅವರು ಕಾಣಬಾರದು. ಅನ್ನ ಕೊಟ್ಟ ನಾಡಿನ ನುಡಿಯನ್ನು ಕಲಿಯುವುದು ಋಣವನ್ನು ತೀರಿಸುವ ಒಂದು ಬಗೆ. ಅದರೊಡನೆಯೇ ಸಂಜೆ ಮನೆಗೆ ಬಂದ ಮಗುವಿಗೆ ಕೋಳಿಯ ನಾಲ್ಕನೆಯ ಹೆಸರು ಕನ್ನಡದಲ್ಲಿಯೋ, ತುಳುವಿನಲ್ಲಿಯೋ, ಮನೆಯಲ್ಲಿ ಆಡುವ ಯಾವ ನುಡಿಯಲ್ಲಿಯೋ ದೊರೆಯಬೇಕು. ಆ ಉಪಾಧ್ಯಾಯಿನಿಯು ಹಗಲೆಲ್ಲ ಮಗುವಿಗೆ ಕಲಿಸಿದುದು ಇದನ್ನೇ ತಾನೆ? ಒಂದೇ ವಸ್ತುವಿಗೆ ಹಲವು ಹೆಸರುಗಳಿರಬಹುದು, ಅವುಗಳಲ್ಲಿ ಯಾವುದೂ ನಾಚಿಕೆಗೆ ಕಾರಣವಲ್ಲ ಎಂಬುದು ಆಕೆಯ ಪಾಠದ ಸಾರ. ಈ ಪಾಠವನ್ನು ಕಲಿತ ಮಗುವು ಮುಂದೆ ಯಾವ ನಾಡಿಗೆ ಹೋದರೂ ನೆರೆಯವನ ನುಡಿಯನ್ನು ಹಳಿಯುವುದಿಲ್ಲ, ತನ್ನದನ್ನು ಮರೆಯುವುದಿಲ್ಲ.

ಇಷ್ಟನ್ನು ಕಲಿಸುವವಳಿಗೆ ಕೊಠಡಿಯ ಮೂಲೆಯಲ್ಲಿ ಒಂದು ಸಣ್ಣ ಕುರ್ಚಿ, ತಿಂಗಳ ಕೊನೆಯಲ್ಲಿ ಒಂದು ಸಣ್ಣ ಲಕೋಟೆ. ದೊಡ್ಡ ಅರಮನೆಗಳನ್ನೂ ಗಗನವನ್ನು ಮುಟ್ಟುವ ಗೋಪುರಗಳನ್ನೂ ಕಟ್ಟಿದ ನಾಡುಗಳು ಈ ಕುರ್ಚಿಯನ್ನು ಒಂದು ಗೇ‍ಣು ಎತ್ತರಿಸಲಾರದೆ ಹೋದರೆ, ಆ ಗೋಪುರಗಳ ನೆತ್ತಿಯ ಮೇಲಿಂದ ಕೂಗಿ ಕರೆದರೂ ಓಗೊಡುವ ಮೊಮ್ಮಕ್ಕಳು ಕೆಳಗಿರುವುದಿಲ್ಲ. ಕುರ್ಚಿಯನ್ನು ಎತ್ತರಿಸುವ ಕೆಲಸವು ಕೊಲ್ಲಿಯಲ್ಲಿ ಮೊದಲಾಗುವುದೋ ಕನ್ನಡದ ಹಳ್ಳಿಯ ಅಂಗನವಾಡಿಯಲ್ಲಿ ಮೊದಲಾಗುವುದೋ, ಯಾರು ಮೊದಲು ಮಾಡಿದರೂ ಎರಡನೆಯವರಿಗೆ ಅದು ಪಾಠವಾಗುವುದು.